ಒಂದೂವರೆ ಟನ್ ಪಿಕಪ್‌ಗೆ ಎಂ-ಸ್ಯಾಂಡ್ ಎಷ್ಟು ತುಂಬಬಹುದು?

ಸೈಟ್_ಮೇಸ್ತ್ರಿ:
1.5 ಟನ್ ಪಿಕಪ್, ಬಾಡಿ 9 ಅಡಿ ಉದ್ದ, 5.5 ಅಡಿ ಅಗಲ. 3 ಟನ್ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), 6 ಇಂಚಿನ 200 ಸಾಲಿಡ್ ಬ್ಲಾಕ್ ಸಾಗಿಸಬೇಕು. ದಾರಿಯಲ್ಲಿ ಘಾಟಿ ಇಳಿಜಾರಿದೆ. ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟ್ ಹಾಕಿಸಿದರೆ ಮರಳು ಒಂದೇ ಟ್ರಿಪ್ಪಿಗೆ ಆಗುತ್ತಾ?

ತೂಕದ_ಲೆಕ್ಕ:
ಬೇಡಿ ಸಾರ್. ಬಾಡಿ ಅರ್ಧ ಖಾಲಿ ಕಾಣುತ್ತೆ, ಮೋಸ ಹೋಗೋದು ಅಲ್ಲೇ. ಒಣ ಎಂ-ಸ್ಯಾಂಡ್ ಘನ ಅಡಿಗೆ ಸುಮಾರು 45 ಕೆಜಿ. ನಿಮ್ಮ ಬಾಡಿಯಲ್ಲಿ ಒಂದಡಿ ಎತ್ತರಕ್ಕೆ ಹರಡಿದರೇ 2,200 ಕೆಜಿ ದಾಟುತ್ತೆ!

ಆರ್‌ಸಿ (ಗಾಡಿ ನೋಂದಣಿ ಪತ್ರ) ನೋಡಿ, ಲೇಡನ್ ವೇಟ್‌ನಲ್ಲಿ (ಲೋಡ್ ಸಮೇತ ಗರಿಷ್ಠ ತೂಕ) ಅನ್‌ಲೇಡನ್ ವೇಟ್ (ಖಾಲಿ ಗಾಡಿ ತೂಕ) ಕಳೆಯಿರಿ. ಡ್ರೈವರ್, ಹಮಾಲಿ, ಟಾರ್ಪಾಲು ಎಲ್ಲಾ ಆ ಉಳಿದ ತೂಕದೊಳಗೇ ಬರಬೇಕು. ಮರಳಿಗೆ 1,400 ಕೆಜಿ ಉಳಿದರೆ ಏಳೂವರೆ ಇಂಚು ಎತ್ತರ, ಅಷ್ಟೇ. ನೀರು ಸೋರುವಷ್ಟು ನೆಂದಿದ್ದರೆ ಆರೇ ಇಂಚು. ಡೋರಿನ ಒಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಬಿಡಿ, ಲೋಡ್ ಮಾಡೋರಿಗೂ ಗೊತ್ತಾಗುತ್ತೆ. ಮೊದಲ ಟ್ರಿಪ್ ವೇ ಬ್ರಿಡ್ಜ್ ಮೇಲೆ ಹತ್ತಿಸಿ ಖಾತ್ರಿ ಮಾಡಿಕೊಳ್ಳಿ.

ಸ್ಪ್ರಿಂಗ್_ಕೆಲಸ:
ಪ್ಲೇಟ್ ಹಾಕಿದರೆ ಗಾಡಿ ಕೂರಲ್ಲ, ನಿಜ. ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್ ಹಳೆಯವೇ ತಾನೇ? ಗಾಡಿ ಬಾಗದ ಕಾರಣ ಓವರ್‌ಲೋಡ್ ಕಣ್ಣಿಗೆ ಬೀಳಲ್ಲ, ಅದೇ ಅಪಾಯ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿಡೋ ಯು-ಬೋಲ್ಟ್ ಸಡಿಲಾದರೆ, ಪ್ಲೇಟುಗಳನ್ನು ನಡುವೆ ಜೋಡಿಸಿರೋ ಸೆಂಟರ್ ಬೋಲ್ಟ್ ತುಂಡಾಗುತ್ತೆ. ಆಮೇಲೆ ಆಕ್ಸಲ್ ಜಾಗ ಬಿಟ್ಟು ಸರಿದು ಗಾಡಿ ಒಂದು ಕಡೆಗೆ ಎಳೆಯುತ್ತೆ.

ಸೈಟ್_ಮೇಸ್ತ್ರಿ:
ಹಿಂದಿನ ಟೈರಿಗೆ ಗಾಳಿ ಜಾಸ್ತಿ ಹೊಡೆಸಿದರೆ?

ಸ್ಪ್ರಿಂಗ್_ಕೆಲಸ:
ಟೈರಿನ ಭಾರದ ಮಿತಿ ಅದರ ಪಕ್ಕದಲ್ಲೇ ಅಚ್ಚಾಗಿರುತ್ತೆ, ಗಾಳಿ ಹೆಚ್ಚಿಸಿದರೆ ಅದು ಏರಲ್ಲ. ಕಂಪನಿ ಹೇಳಿದ ಲೋಡ್ ಪ್ರೆಷರ್ ಇರಲಿ, ಟೈರ್ ತಣ್ಣಗಿದ್ದಾಗ ನೋಡಿ.

ಘಾಟಿ_ಚಾಲಕ:
ಬ್ಲಾಕ್ ಒಂದೊಂದು ಸುಮಾರು 26 ಕೆಜಿ, ಟ್ರಿಪ್ಪಿಗೆ 50 ಸಾಕು. ಇಳಿಸೋಕೆ ಸುಲಭ ಅಂತ ಹಿಂದಿನ ಡೋರಿನ ಹತ್ತಿರ ಪೇರಿಸಬೇಡಿ. ಹಿಂದಿನ ಚಕ್ರದ ಆಚೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ. ಕ್ಯಾಬಿನ್‌ಗೆ ಒತ್ತಿಸಿ ಶುರು ಮಾಡಿ, ಎಡಬಲ ಸಮ ಇರಲಿ.

ಘಾಟಿ ಇಳಿಯೋ ಮೊದಲೇ ಎರಡನೇ ಗೇರ್ ಹಾಕಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಚಕ್ರದ ಬ್ರೇಕ್ ಡ್ರಮ್ ಕಾದು ಹಿಡಿತ ಹೋಗುತ್ತೆ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಆರಲು ಬಿಡಿ, ಬಿಸಿ ಡ್ರಮ್‌ಗೆ ನೀರು ಹುಯ್ಯಬೇಡಿ, ಬಿರುಕು ಬಿಡುತ್ತೆ.

ತೂಕದ_ಲೆಕ್ಕ:
2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ ಓವರ್‌ಲೋಡ್‌ಗೆ ₹20,000, ಮೇಲೆ ಹೆಚ್ಚುವರಿ ಟನ್ನಿಗೆ ₹2,000 ದಂಡ. ಹೆಚ್ಚಿನ ಮಾಲು ಇಳಿಸೋ ಖರ್ಚೂ ನಿಮ್ಮದೇ. ಲೆಕ್ಕ ಹಾಕಿದರೆ ಮರಳಿಗೆ 3, ಬ್ಲಾಕಿಗೆ 4 ಟ್ರಿಪ್ ಆಗುತ್ತೆ. ಮರಳಿಗೆ ಟಿಪ್ಪರ್ ಬಾಡಿಗೆ ಕೇಳಿ ನೋಡಿ, ಪಿಕಪ್ ಬ್ಲಾಕಿಗೆ ಇರಲಿ.