ಎಸ್‌ಎಟಿ ಎರಡನೇ ಮಾಡ್ಯೂಲ್ ಕಷ್ಟ ಬಂದ್ರೆ ಏನರ್ಥ?

ಫ್ರೀಮಾಂಟ್ ಅಮ್ಮ:
ಮಗಳು ಹನ್ನೊಂದನೇ ಕ್ಲಾಸು. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯೋ ಎಸ್‌ಎಟಿಗೆ ತಯಾರಾಗ್ತಿದಾಳೆ. ಆ ಪರೀಕ್ಷೆಯ ಆ್ಯಪ್ ಬ್ಲೂಬುಕ್‌ನ ಪ್ರಾಕ್ಟೀಸ್ ಟೆಸ್ಟಲ್ಲಿ ಮ್ಯಾತ್ ಎರಡನೇ ಮಾಡ್ಯೂಲ್ (ಭಾಗ) ವಿಪರೀತ ಕಷ್ಟ ಬಂತಂತೆ, ಕಂಗಾಲಾಗಿದಾಳೆ. ನಮ್ಮ ಸಿಇಟಿ ಥರ ಅಲ್ವಲ್ಲ ಇದು, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಡಲ್ಲಾಸ್ ಮಲೆನಾಡಿಗ:
ಖುಷಿ ಪಡಿ ಮೇಡಂ. ಮೊದಲನೇ ಮಾಡ್ಯೂಲ್ ಚೆನ್ನಾಗಿ ಮಾಡಿದವರಿಗೇ ಎರಡನೇದು ಕಷ್ಟದ್ದು ಬರೋದು. ಸುಲಭದ್ದು ಬಂದ್ರೆ ಪೂರ್ತಿ ಸರಿ ಮಾಡಿದ್ರೂ ಮ್ಯಾತ್‌ನ ಗರಿಷ್ಠ ಅಂಕ 800ರ ಹತ್ತಿರ ಹೋಗಲ್ಲ. ರೀಡಿಂಗ್-ರೈಟಿಂಗ್‌ಗೆ 32 ನಿಮಿಷದ ಎರಡು ಮಾಡ್ಯೂಲ್, ತಲಾ 27 ಪ್ರಶ್ನೆ. 10 ನಿಮಿಷ ಬಿಡುವು. ಮ್ಯಾತ್‌ಗೆ 35 ನಿಮಿಷದ ಎರಡು, ತಲಾ 22. ಮುಗಿದ ಮಾಡ್ಯೂಲ್‌ಗೆ ವಾಪಸ್ ಹೋಗೋಕಾಗಲ್ಲ. ಪ್ರತಿಯೊಂದರಲ್ಲೂ ಅಂಕಕ್ಕೆ ಸೇರದ 2 ಪ್ರಶ್ನೆ ಇರತ್ತೆ, ಯಾವುದು ಅಂತ ಗೊತ್ತಾಗಲ್ಲ. ಒಂದರಲ್ಲೇ ಒದ್ದಾಡ್ತಾ ಕೂರಬಾರದು. ನೆಗೆಟಿವ್ ಮಾರ್ಕಿಂಗ್ ಇಲ್ಲ, ಖಾಲಿ ಬಿಡೋದು ದಡ್ಡತನ.

ಇರ್ವೈನ್ ಅಂಕಲ್:
ಎಸ್‌ಎಟಿನೇ ಯಾಕ್ರೀ? ಬರ್ಕ್ಲಿ, ಯುಸಿಎಲ್‌ಎ, ಯಾವ ಯುಸಿನೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಪ್ರವೇಶಕ್ಕೆ ಸ್ಕೋರ್ ಕಣ್ಣೆತ್ತಿ ನೋಡಲ್ಲ. ನಮ್ಮವರಿಗೆ ಕೋಚಿಂಗ್ ಹುಚ್ಚು.

ಬಾಸ್ಟನ್ ಬೆಣ್ಣೆದೋಸೆ:
ಯುಸಿ ಒಂದೇ ಕಾಲೇಜಾ ಸರ್? ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡ್ತು. 2024ರಲ್ಲಿ ಡಾರ್ಟ್‌ಮತ್, ಹಾರ್ವರ್ಡ್, ನಿಮ್ಮ ಪಕ್ಕದ ಕ್ಯಾಲ್‌ಟೆಕ್ ಕೂಡ.

ಇರ್ವೈನ್ ಅಂಕಲ್:
ಅಲ್ಲಿಗೆಲ್ಲ ಎಷ್ಟು ಮಕ್ಕಳು ಹೋಗ್ತಾರೆ? ಜಿಪಿಎ (ಶಾಲೆ ಅಂಕಗಳ ಸರಾಸರಿ) ನೋಡ್ಕೊಳ್ಳಿ, ಪ್ರಬಂಧ ಬರೆಸಿ. ಇದೇ ಮಾತು ಪ್ರತಿ ವರ್ಷ ಹೇಳ್ತೀನಿ, ಯಾರೂ ಕೇಳಲ್ಲ.

ಫ್ರೀಮಾಂಟ್ ಅಮ್ಮ:
ಕಾಲೇಜಿನ ಮಾತು ಆಮೇಲೆ. ಉತ್ತರ ಟೈಪ್ ಮಾಡೋ ಲೆಕ್ಕದಲ್ಲಿ ಸರಿ ಉತ್ತರಕ್ಕೂ ತಪ್ಪು ಅಂತ ಬರ್ತಿದೆ, ಯಾಕೆ?

ಹ್ಯೂಸ್ಟನ್ ಗಣಿತ ಮೇಡಂ:
ಬರೆಯೋ ರೀತಿ ತಪ್ಪಿರತ್ತೆ. ಮ್ಯಾತ್‌ನಲ್ಲಿ ಸುಮಾರು ಕಾಲುಭಾಗ ಅಂಥವೇ. ಮೂರೂವರೆಯನ್ನ 3 1/2 ಅಂತ ಹೊಡೆದ್ರೆ 31/2 ಅಂತ ಓದ್ಕೊಳ್ಳತ್ತೆ. 7/2 ಅಥವಾ 3.5 ಹಾಕ್ಬೇಕು. 2/3ಕ್ಕೆ .66 ತಪ್ಪು, .6666 ಅಥವಾ .6667 ಸರಿ, ನೇರ 2/3 ಇನ್ನೂ ವಾಸಿ. ಜಾಗ ಇರೋದು 5 ಅಕ್ಷರಕ್ಕೆ, ಮೈನಸ್ ಇದ್ರೆ 6. ಶೇಕಡಾ ಚಿಹ್ನೆ, ಕಾಮಾ ಹಾಕ್ಬಾರದು. ಗ್ರಾಫ್ ಬಿಡಿಸೋ ಕ್ಯಾಲ್ಕುಲೇಟರ್ ಡೆಸ್ಮೋಸ್ ಬ್ಲೂಬುಕ್ ಒಳಗೇ ಇದೆ: ಎರಡು ಸಮೀಕರಣ ಹಾಕಿ ಗೆರೆ ಕೂಡೋ ಜಾಗ ಒತ್ತಿದ್ರೆ ಉತ್ತರ ಕಾಣತ್ತೆ. ಇದನ್ನ ಮನೆಯಲ್ಲೇ ಕೈಗೆ ಹತ್ತಿಸ್ಕೊಳ್ಳಲಿ.
ರೀಡಿಂಗ್‌ನಲ್ಲಿ ಒಂದು ಪ್ಯಾರಾಗೆ ಒಂದೇ ಪ್ರಶ್ನೆ, ಪ್ಯಾರಾ 25ರಿಂದ 150 ಪದ. ಪದದ ಅರ್ಥದ್ದು ಮೊದಲು, ಗ್ರಾಮರ್ ಆಮೇಲೆ. ಗ್ರಾಮರ್ ಚುರುಕಾಗಿದ್ರೆ ಮೊದಲು ಅದನ್ನ ಮುಗಿಸಿ ಅದೇ ಮಾಡ್ಯೂಲ್ ಒಳಗೆ ಹಿಂದಕ್ಕೆ ಬರಬಹುದು.

ಡಲ್ಲಾಸ್ ಮಲೆನಾಡಿಗ:
ಬ್ಲೂಬುಕ್‌ನಲ್ಲಿ ಎಕ್ಸಾಮ್ ಸೆಟಪ್ ಪರೀಕ್ಷೆಯ ಹಿಂದಿನ ಐದು ದಿನದೊಳಗೆ ಮುಗಿಸಿ, ಅಡ್ಮಿಷನ್ ಟಿಕೆಟ್ ಅಲ್ಲೇ ಬರತ್ತೆ. ಮಧ್ಯೆ ವೈಫೈ ಹೋದ್ರೂ ಪರೀಕ್ಷೆ ನಿಲ್ಲಲ್ಲ, ಬ್ಯಾಟರಿ ಹೋದ್ರೆ ಪೇಚಾಟ. ಚಾರ್ಜರ್ ಮರೀಬೇಡಿ.

ಇರ್ವೈನ್ ಅಂಕಲ್:
ಇಷ್ಟೆಲ್ಲ ಮಾಡಿ ಕೊನೆಗೆ ಯುಸಿ ಡೇವಿಸ್‌ಗೇ ಸೇರೋದು, ನೋಡ್ತಿರಿ.