ಐದು ಗುಂಟೆಯ ಕುಂಟೆಗೂ ದಡ ಬೇಕು

ಕುಟುಂಬದ ವಾಟ್ಸಾಪ್ ಗುಂಪು, 2025ರ ಆಗಸ್ಟ್

ಚಿಕ್ಕಪ್ಪ: (ಸುದ್ದಿಯ ತುಣುಕು: ಕೆರೆ ಮೀಸಲು ವಲಯ ಕಡಿತದ ಮಸೂದೆಗೆ ವಿಧಾನಮಂಡಲದ ಒಪ್ಪಿಗೆ)
ಕೊನೆಗೂ ನಮ್ಮಂಥವರ ಕೂಗು ಕೇಳಿಸಿತು. ಕೆರೆಯ ಅಂಚಿನಿಂದ ಕಟ್ಟಡ ಕಟ್ಟದೆ ಬಿಡಬೇಕಾದ ಈ ಮೀಸಲು ವಲಯ ಇಷ್ಟು ವರ್ಷ ಎಲ್ಲ ಕೆರೆಗೂ ಒಂದೇ 30 ಮೀಟರ್. ನಮ್ಮ ಬೆಂಗಳೂರಿನ ನೂರಾರು ಎಕರೆಯ ಬೆಳ್ಳಂದೂರು ಕೆರೆಗೂ ಅದೇ, ಎಮ್ಮೆ ಮುಳುಗದ ಕುಂಟೆಗೂ ಅದೇ. ಇನ್ನು ಮೇಲೆ ವಿಸ್ತೀರ್ಣಕ್ಕೆ ತಕ್ಕ ಅಳತೆ. ಇದು ನ್ಯಾಯ.

ಭಾವ: ಒಳ್ಳೆಯ ಸುದ್ದಿ, ಮಾವ. ಇನ್ನಾದರೂ ಮನೆಯ ನಕ್ಷೆಗೆ ಮಂಜೂರಾತಿ ಸಿಗಲಿ.

ನಾನು: ಚಿಕ್ಕಪ್ಪ, ಪೂರ್ತಿ ಪಟ್ಟಿ ನೋಡಿದಿರಾ? ಐದು ಗುಂಟೆವರೆಗಿನ ಕೆರೆಗೆ ಮೀಸಲು ವಲಯವೇ ಇಲ್ಲ. ಅಲ್ಲಿಂದ ಒಂದು ಎಕರೆವರೆಗೆ 3 ಮೀಟರ್, ಹತ್ತು ಎಕರೆವರೆಗೆ 6, ಇಪ್ಪತ್ತೈದರವರೆಗೆ 12, ನೂರರವರೆಗೆ 24. ನೂರು ಎಕರೆ ದಾಟಿದ ಕೆರೆಗೆ ಮಾತ್ರ ಹಳೆಯ 30 ಉಳಿಯುತ್ತದೆ. ಮೂರು ಮೀಟರ್ ಎಂದರೆ ಕಾರು ನಿಲ್ಲಿಸಿ ಬಾಗಿಲು ತೆರೆಯುವಷ್ಟು ಜಾಗ. ಉಳಿದ ಆ ಪಟ್ಟಿಯಲ್ಲೂ ರಸ್ತೆ, ಸೇತುವೆ, ವಿದ್ಯುತ್ ಮಾರ್ಗ, ನೀರಿನ ಕೊಳವೆಗಳಿಗೆ ಅವಕಾಶ ಕೊಟ್ಟಿದ್ದಾರೆ.

ಚಿಕ್ಕಪ್ಪ: ನಿನಗೆ ಅಂಕಿ ಕಾಣಿಸುತ್ತದೆ, ನನಗೆ ನನ್ನ ನಿವೇಶನ ಕಾಣಿಸುತ್ತದೆ. ಸಾಲ ಮಾಡಿ ಕೊಂಡಿದ್ದು. ನೋಂದಣಿಯಾಗಿದೆ, ಪ್ರತಿ ವರ್ಷ ಕಂದಾಯ ಕಟ್ಟಿದ್ದೇನೆ. ಮನೆ ಕಟ್ಟಲು ಹೋದಾಗ ಪಕ್ಕದಲ್ಲಿ ಕುಂಟೆ ಇದೆ ಎಂದು ಕಡತ ಪಕ್ಕಕ್ಕಿಟ್ಟರು. ಅದೇ ಸಾಲಿನಲ್ಲಿ ದೊಡ್ಡ ಬಿಲ್ಡರ್ ನೀರಿನ ಅಂಚಿಗೇ ಹದಿನೆಂಟು ಮಹಡಿ ಎಬ್ಬಿಸಿದ್ದಾನೆ. ಅವನನ್ನು ಯಾರೂ ಕೇಳಲಿಲ್ಲ.

ನಾನು: ನಿಮಗೆ ಆದದ್ದು ಅನ್ಯಾಯವೇ. ಅದಕ್ಕೆ ಪರಿಹಾರ ಸಿಗಬೇಕು, ಅದರ ಬಗ್ಗೆಯೂ ಬರೆಯುತ್ತೇನೆ. ಆದರೆ ಕೆರೆಯ ಯೋಗ್ಯತೆಯನ್ನು ಅದರ ವಿಸ್ತೀರ್ಣದಿಂದ ಅಳೆಯುವುದೇ ತಪ್ಪು ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಮಳೆನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಒಂದು ಕೆರೆಯ ಕೋಡಿ ಮುಂದಿನ ಕೆರೆಯ ಒಳಹರಿವು. ಈ ಸರಪಳಿಯ ಎಷ್ಟೋ ಕಡೆ ತಲೆಭಾಗದಲ್ಲಿ ಇರುವುದು ನೀವು ಹೇಳುವ ಈ ಕುಂಟೆ, ಕಟ್ಟೆಗಳೇ. ಐದು ಗುಂಟೆ ಎಂದರೆ ಸುಮಾರು 500 ಚದರ ಮೀಟರ್. ಒಂದು ಮೀಟರ್ ಆಳ ನಿಂತರೆ ಐದು ಲಕ್ಷ ಲೀಟರ್. ಅಂಥ ಐವತ್ತು ಕುಂಟೆ ಹೋದರೆ ಎರಡೂವರೆ ಕೋಟಿ ಲೀಟರ್ ನೀರು ಒಂದೇ ರಾತ್ರಿ ಕೆಳಗಿನವರ ಮನೆಗೆ ಇಳಿಯುತ್ತದೆ.

ಅಕ್ಕ: ನಾವೇ ಆ ಕೆಳಗಿನವರು. 2022ರ ಸೆಪ್ಟೆಂಬರ್ ಮರೆತುಹೋಯಿತೇ? ರಾತ್ರಿಯಿಡೀ ಸುರಿದು ಬೆಳಗಾಗುವಾಗ 130 ಮಿಲಿಮೀಟರ್ ದಾಟಿತ್ತು. ಸರ್ಜಾಪುರ ರಸ್ತೆಯಿಂದ ನಮ್ಮನ್ನು ಟ್ರ್ಯಾಕ್ಟರ್‌ನಲ್ಲಿ ಸಾಗಿಸಿದರು. ನೆಲಮಾಳಿಗೆಯ ನೀರು ಇಳಿಯಲು ವಾರ ಬೇಕಾಯಿತು.

ಭಾವ: ಅದು ಮಳೆನೀರು ಹರಿಯುವ ರಾಜಕಾಲುವೆಗಳ ಒತ್ತುವರಿಯ ಫಲ. ಮೀಸಲು ವಲಯಕ್ಕೂ ಅದಕ್ಕೂ ಸಂಬಂಧ ಕಟ್ಟಬೇಡಿ. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ದೊಡ್ಡ ಅಂಕಿಗೆ ಆಧಾರವಿಲ್ಲ ಎಂದಾಯಿತಲ್ಲ?

ನಾನು: ಹಾಗಲ್ಲ ಭಾವ. ಕಾನೂನಿನಂತೆ ರೂಪಿಸಿದ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ವಲಯ ನಿಯಮವನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಆ ತೀರ್ಪಿನ ತಿರುಳು. 2015ರ ಮಹಾಯೋಜನೆಯಲ್ಲಿದ್ದ ಅಳತೆಯೇ ಉಳಿಯಿತು: ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25, 15 ಮೀಟರ್. ಇನ್ನು ಒತ್ತುವರಿಯ ಮಾತು. ಕೋರಮಂಗಲ ಕಣಿವೆಯಲ್ಲಿ 1900ರ ದಶಕದ ಆರಂಭದಲ್ಲಿ ಸುಮಾರು 113 ಕಿಲೋಮೀಟರ್ ಕಾಲುವೆ ಇತ್ತು, 2016-17ರ ಹೊತ್ತಿಗೆ ಸುಮಾರು 63ಕ್ಕೆ ಇಳಿದಿತ್ತು ಎಂದು ಮಹಾಲೇಖಪಾಲರ (ಸಿಎಜಿ) ವರದಿಯೇ ಹೇಳಿದೆ. ಕಾಲುವೆ ಅರ್ಧ ಉಳಿದಿರುವಾಗ ನೀರು ನಿಲ್ಲಲು ಉಳಿದದ್ದು ಕೆರೆ ಮತ್ತು ಅದರ ಅಂಚು. ಕೋಡಿ ಬಿದ್ದ ದಿನ ನೀರು ಏರುವುದು ಆ ಅಂಚಿನಲ್ಲಿ. ಅಲ್ಲಿಗೆ ಕಾಂಪೌಂಡ್ ಗೋಡೆ ಬಂದರೆ ನೀರು ರಸ್ತೆಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ದೊಡ್ಡಮ್ಮ: ನಮ್ಮ ಊರಿನಲ್ಲಿ ಮೇಲಿನ ಕಟ್ಟೆ ಒಡೆದ ವರ್ಷ ಕೆಳಗಿನ ದೊಡ್ಡ ಕೆರೆಯ ಏರಿಯೂ ತಡೆಯಲಿಲ್ಲ. ಕಟ್ಟೆಯೇ ಹೂಳು ಹಿಡಿಯುತ್ತಿತ್ತು. ಬೇಸಿಗೆಯಲ್ಲಿ ಆ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದೆವು. ಅಳತೆ ಸಣ್ಣದು ಎಂದು ಯಾರೂ ಅದನ್ನು ಬಿಟ್ಟುಕೊಡುತ್ತಿರಲಿಲ್ಲ.

ಚಿಕ್ಕಪ್ಪ: ಅತ್ತಿಗೆ, ಊರಿನಲ್ಲಿ ಆ ನೀರಿನಿಂದ ಬೆಳೆ ಬರುತ್ತಿತ್ತು. ಇಲ್ಲಿನ ಕುಂಟೆಯಲ್ಲಿ ಇರುವುದು ಕಟ್ಟಡದ ಅವಶೇಷ ಮತ್ತು ಸೊಳ್ಳೆ.

ನಾನು: ಅವಶೇಷ ಸುರಿದವರನ್ನು ಬಿಟ್ಟು ಕುಂಟೆಗೆ ಶಿಕ್ಷೆ ಏಕೆ, ಚಿಕ್ಕಪ್ಪ? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಆಗ ಉಳಿದ ಕೆರೆಗಳಿವೆ ಎಂಬ ಧೈರ್ಯವಿತ್ತು. ಈಗ ಆ ಧೈರ್ಯವೂ ಇಲ್ಲ. ಎಲ್ಲ ಕಡೆ 30 ಮೀಟರ್ ಇರಲೇಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬುದನ್ನು ಗುಂಟೆ ಎಣಿಸಿ ನಿರ್ಧರಿಸಬಾರದು. ಮೇಲಿನಿಂದ ಎಷ್ಟು ನೀರು ಬರುತ್ತದೆ, ಇಳಿಜಾರು ಹೇಗಿದೆ, ಕೋಡಿ ಎಲ್ಲಿಗೆ ಬೀಳುತ್ತದೆ, ಸರಪಳಿಯಲ್ಲಿ ಅದರ ಜಾಗ ಯಾವುದು ಎಂದು ಕಣಿವೆಗೊಂದು ಸಮೀಕ್ಷೆ ಮಾಡಿ ಬರೆಯಲಿ. ಮಳೆನೀರು ಸಂಗ್ರಹವನ್ನು 2009ರಲ್ಲೇ ಕಡ್ಡಾಯ ಮಾಡಿದ ನಗರ ಇದು. ಚಾವಣಿಯ ನೀರನ್ನು ಹಿಡಿಯಿರಿ ಎಂದು ಮನೆಯವರಿಗೆ ಹೇಳಿ, ಕುಂಟೆಯ ದಡವನ್ನು ಬಿಟ್ಟುಕೊಡುವುದು ಯಾವ ಯೋಜನೆ?

ಭಾವ: ಸಮೀಕ್ಷೆ ಮುಗಿಯುವವರೆಗೆ ಮಾವ ಕಾಯಬೇಕೇ?

ಚಿಕ್ಕಪ್ಪ: ನನಗೆ ಅರವತ್ತೆಂಟು. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆಯುವ ಶಕ್ತಿ ನನಗಿಲ್ಲ.

ನಾನು: ಅದಕ್ಕಾಗಿಯೇ ಪರಿಹಾರ ಕಾನೂನಿನೊಳಗೇ ಇರಬೇಕು. ನಿಯಮ ತಿಳಿಯದೆ ನೋಂದಣಿ ಮಾಡಿಸಿಕೊಂಡ ಸಣ್ಣ ನಿವೇಶನದಾರರಿಗೆ ಬದಲಿ ಜಾಗ ಅಥವಾ ಬೇರೆಡೆ ಕಟ್ಟಲು ಬಳಸಬಹುದಾದ ಅಭಿವೃದ್ಧಿ ಹಕ್ಕು, ಅದಕ್ಕೆ ಗಡುವು. ನೋಂದಣಿ ಮಾಡುವಾಗ ಶುಲ್ಕ ತೆಗೆದುಕೊಂಡ ಸರ್ಕಾರ ಹೊಣೆ ಹೊರಲಿ, ಕೆರೆ ಏಕೆ ಹೊರಬೇಕು? ರಾಜ್ಯಪಾಲರ ಅಂಕಿತಕ್ಕೆ ಮುನ್ನ ಒಂದು ಮನವಿ ಬರೆಯುತ್ತಿದ್ದೇನೆ, ಮಸೂದೆ ತಡೆಯಿರಿ ಎಂಬುದು, ಪರಿಹಾರ ಕೊಡಿ ಎಂಬುದು ಎರಡನ್ನೂ ಸೇರಿಸುತ್ತೇನೆ. ನೀವು ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ತೆರೆದು ನಿಮ್ಮ ಸರ್ವೆ ನಂಬರಿನ ಸುತ್ತ ಏನು ತೋರಿಸುತ್ತದೆ ನೋಡಿ. ಅಲ್ಲಿಗೆ ಯಾವ ಪ್ರಾಧಿಕಾರದ ವಲಯ ನಿಯಮ ಅನ್ವಯಿಸುತ್ತದೆ ಎಂಬುದೂ ತಿಳಿಯಬೇಕು.

ಅಕ್ಕ: ನನ್ನ ಸಹಿ ಇರಲಿ.

ದೊಡ್ಡಮ್ಮ: ನನ್ನದೂ.

ಚಿಕ್ಕಪ್ಪ: ಪರಿಹಾರದ ಭಾಗವನ್ನು ಬೇರೆ ಹಾಳೆಯಲ್ಲಿ ಬರೆ, ಅದಕ್ಕೆ ಸಹಿ ಹಾಕುತ್ತೇನೆ. ಮಸೂದೆಯನ್ನು ತಡೆಯಿರಿ ಎಂಬ ಹಾಳೆಗೆ ಹಾಕುವುದಿಲ್ಲ.

ನಾನು: ಎರಡೂ ಒಂದೇ ಮನವಿ, ಚಿಕ್ಕಪ್ಪ. ನಾಳೆ ಮನೆಗೆ ಬರುತ್ತೇನೆ, ಸರ್ವೆ ನಕ್ಷೆಯ ಪ್ರತಿ ತೆಗೆದಿಡಿ.