115ರಲ್ಲಿದ್ದ ಸ್ವಿಚ್, 230 ವೋಲ್ಟ್ ಕರೆಂಟು: ಹೋದ ಎಸ್‌ಎಂಪಿಎಸ್ ಉಳಿಸುವುದು ಹೇಗೆ?

ಪ್ರಶ್ನೆ:
ಅಮೆರಿಕದಿಂದ ಬಂದ ಹಳೇ ಡೆಸ್ಕ್‌ಟಾಪ್. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿ) ಹಿಂದಿನ ಕೆಂಪು ವೋಲ್ಟೇಜ್ ಸ್ವಿಚ್ 115ರಲ್ಲೇ ಇತ್ತು, ಮೈಸೂರಿನ ಮನೆಯಲ್ಲಿ ಹಾಗೇ ಪ್ಲಗ್ ಹಾಕಿಬಿಟ್ಟರು. ಢಬ್ ಎಂದು ಎಂಸಿಬಿ ಬಿತ್ತು. ಒಳಗಿನ ಗಾಜಿನ ಫ್ಯೂಸ್ ಪೂರ್ತಿ ಕಪ್ಪಾಗಿದೆ. ಡಬ್ಬಿಯ ಅಳತೆ ಬೇರೆಯಾದ್ದರಿಂದ ಹೊಸ ಎಸ್‌ಎಂಪಿಎಸ್ ಕೂರುವುದಿಲ್ಲ. ಬೇರೆ ಫ್ಯೂಸ್ ಹಾಕಿ ನೋಡಲೇ?

ಉತ್ತರ:
ಬೇಡ ಸರ್. ಗಾಜು ಕಪ್ಪಾಗಿದೆ ಎಂದರೆ ಮುಂದೆ ನೇರ ಶಾರ್ಟ್ ಇದೆ. 115ರಲ್ಲಿ ಆ ಸ್ವಿಚ್ ಎರಡು ದೊಡ್ಡ ಕೆಪಾಸಿಟರ್‌ಗಳ ನಡುವಿನ ಬಿಂದುವನ್ನು ಮೈನ್ಸ್‌ನ ಒಂದು ತಂತಿಗೆ ಸೇರಿಸಿ ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ. 230 ಕೊಟ್ಟಾಗ ಒಂದೊಂದು ಕೆಪಾಸಿಟರ್ 325 ವೋಲ್ಟಿನ ಕಡೆ ಏರುತ್ತದೆ. ಮೈಮೇಲೆ ಬರೆದಿರುವ ಮಿತಿ 200 ಮಾತ್ರ. ಎರಡೂ ಸೇರಿ 650 ಆಗುತ್ತದೆ, ಮುಂದಿನ ಸ್ವಿಚಿಂಗ್ ಟ್ರಾನ್ಸಿಸ್ಟರ್‌ಗಳು ಅದನ್ನು ತಡೆಯಲಾರವು.

ಮೊದಲು ಪ್ಲಗ್ ಕಿತ್ತು, 2.2 ಕಿಲೋಓಮ್ 10 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಒಂದೊಂದು ಕೆಪಾಸಿಟರ್‌ಗೂ ಹತ್ತು ಸೆಕೆಂಡ್ ಹಿಡಿಯಿರಿ. ಮೀಟರಿನಲ್ಲಿ 5 ವೋಲ್ಟಿಗಿಂತ ಕೆಳಗೆ ಬಂದ ಮೇಲೇ ಕೈ ಹಾಕಿ. ಫ್ಯೂಸ್ ಹೋದ ಎಸ್‌ಎಂಪಿಎಸ್‌ನಲ್ಲೂ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಯಾರಿಗೂ ಬೇಡ.

ಆಮೇಲೆ ಕೆಪಾಸಿಟರ್‌ಗಳ ಪಕ್ಕದ ಬಿಲ್ಲೆಯಂಥ ಎಂಒವಿ (ಅತಿ ವೋಲ್ಟೇಜ್ ತಡೆಯುವ ಭಾಗ), ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳು), ಎನ್‌ಟಿಸಿ (ಆನ್ ಮಾಡಿದಾಗ ನುಗ್ಗುವ ಕರೆಂಟನ್ನು ತಡೆಯುವ ರೆಸಿಸ್ಟರ್) ನೋಡಿ. ಎಂಒವಿಗೆ ಮೀಟರ್ ಹಿಡಿದಾಗ ಬೀಪ್ ಅಂದರೆ ಅದು ಶಾರ್ಟ್, ಕಳಚಿ. ಮೀಟರಿನ ಡಯೋಡ್ ಮೋಡಿನಲ್ಲಿ ಬ್ರಿಡ್ಜಿನ ನಾಲ್ಕು ಡಯೋಡೂ ಒಂದು ದಿಕ್ಕಿನಲ್ಲಿ ಮಾತ್ರ 0.5 ವೋಲ್ಟಿನ ಆಸುಪಾಸು ತೋರಿಸಬೇಕು. ಎನ್‌ಟಿಸಿ ತಣ್ಣಗಿದ್ದಾಗ ಸಾಮಾನ್ಯವಾಗಿ 5ರಿಂದ 10 ಓಮ್. ಬಿರುಕು ಬಿಟ್ಟಿದ್ದರೆ ಬದಲಿಸಿ.

ಕೇಳಿದವರು:
ಎರಡೂ ಎಂಒವಿ ಶಾರ್ಟ್, ಒಂದು ಸೀಳಿದೆ. ಬ್ರಿಡ್ಜ್ ಸರಿಯಿದೆ. ಕೆಪಾಸಿಟರ್ ಉಬ್ಬಿಲ್ಲ. ಎಂಒವಿ ತೆಗೆದು ಫ್ಯೂಸ್ ಹಾಕಿದರೆ ಸಾಕೇ?

ಇನ್ನೊಬ್ಬರು:
ಎಂಒವಿ ತಾನು ಸತ್ತು ಉಳಿದದ್ದನ್ನು ಕಾಪಾಡಿರುವ ಸಾಧ್ಯತೆ ಚೆನ್ನಾಗಿದೆ. ಆದರೂ ಸ್ವಿಚಿಂಗ್ ಟ್ರಾನ್ಸಿಸ್ಟರ್ ಪರೀಕ್ಷಿಸದೆ ಕರೆಂಟು ಕೊಡಬೇಡಿ. ಹಾಫ್ ಬ್ರಿಡ್ಜ್ (ಎರಡು ಟ್ರಾನ್ಸಿಸ್ಟರ್ ಸರದಿಯಲ್ಲಿ ಕೆಲಸ ಮಾಡುವ) ಮಾದರಿಯಾದರೆ 13007 ನಂಬರಿನ ಜಾತಿಯವು ಎರಡಿರುತ್ತವೆ. ಬೋರ್ಡಿನಲ್ಲೇ ಅಳೆದರೆ ಡ್ರೈವ್ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಬೇಸ್–ಎಮಿಟರ್ ತಪ್ಪು ತೋರಿಸುತ್ತದೆ, ಕಳಚಿಯೇ ಅಳೆಯಿರಿ. ಒಂದು ಹೋಗಿದ್ದರೂ ಎರಡನ್ನೂ ಬದಲಿಸಿ. ಬೇಸ್ ಕಡೆಯ ಕೆಲವೇ ಓಮಿನ ರೆಸಿಸ್ಟರ್, ಸಣ್ಣ ಡಯೋಡ್, ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಇವನ್ನು ಪರೀಕ್ಷಿಸದೆ ಬಿಟ್ಟರೆ ಹೊಸ ಜೋಡಿಯೂ ಕ್ಷಣದಲ್ಲಿ ಹೋಗುತ್ತದೆ. ಹೀಟ್‌ಸಿಂಕಿನ ಮೈಕಾ ಹಾಳೆ ಹರಿದಿಲ್ಲ ಎಂದು ಕಲೆಕ್ಟರ್‌ನಿಂದ ಹೀಟ್‌ಸಿಂಕಿಗೆ ಅಳೆದು ಖಚಿತಪಡಿಸಿಕೊಳ್ಳಿ. ಕಂಪ್ಯೂಟರ್ ಆಫ್ ಇದ್ದಾಗಲೂ ನಡೆಯುವ ಸ್ಟ್ಯಾಂಡ್‌ಬೈ ಭಾಗದ ಸಣ್ಣ ಟ್ರಾನ್ಸಿಸ್ಟರೂ ಇದೇ 650 ತಿಂದಿರುತ್ತದೆ, ಮರೆಯಬೇಡಿ.

ಕೆಪಾಸಿಟರ್ ಉಬ್ಬದಿದ್ದರೂ ನಾನಾದರೆ ಇಟ್ಟುಕೊಳ್ಳುವುದಿಲ್ಲ. ಒಂದೇ ಮೌಲ್ಯದ, 105 ಡಿಗ್ರಿಯ ಜೋಡಿ ಹಾಕಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತವೆ. ಎತ್ತರ ಅಳೆದುಕೊಂಡು ಹೋಗಿ, ಮುಚ್ಚಳಕ್ಕೆ ತಾಗಬಾರದು. ಎಂಒವಿಯನ್ನೂ ಅದೇ ನಂಬರಿನದು ಹಾಕಿ.

ಮತ್ತೊಬ್ಬರು:
ಮೊದಲ ಬಾರಿ ಕರೆಂಟು ಕೊಡುವಾಗ ಸ್ವಿಚ್ 230ಕ್ಕೆ ತಂದು, ಫೇಸ್ ತಂತಿಯಲ್ಲಿ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್ ಹಾಕಿ. ಎಲ್‌ಇಡಿ ಬಲ್ಬು ಇದಕ್ಕೆ ಆಗದು. ಒಮ್ಮೆ ಮಿಂಚಿ ಆರಿದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ. ಕೆಪಾಸಿಟರ್‌ಗಳ ಮೇಲೆ ತಲಾ ಸುಮಾರು 160 ವೋಲ್ಟ್ ಬರಬೇಕು. ಒಂದರಲ್ಲಿ 200, ಇನ್ನೊಂದರಲ್ಲಿ 120 ಬಂದರೆ ಸಮತೋಲನದ ರೆಸಿಸ್ಟರ್ ತೆರೆದುಕೊಂಡಿದೆ ಅಥವಾ ಒಂದು ಕೆಪಾಸಿಟರ್ ಸೋರುತ್ತಿದೆ.

ಮದರ್‌ಬೋರ್ಡಿಗೆ ಜೋಡಿಸುವ ಮುನ್ನ ಸ್ಟ್ಯಾಂಡ್‌ಬೈನ ನೇರಳೆ ತಂತಿ ಅಳೆಯಿರಿ: 4.75ರಿಂದ 5.25 ವೋಲ್ಟ್. ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ ಕೆಟ್ಟಿದ್ದರೆ ಅದು ಮೇಲೇರಿ ಬೋರ್ಡನ್ನೇ ಸುಡುತ್ತದೆ. ಆಮೇಲೆ 5 ವೋಲ್ಟಿನ ಕೆಂಪು ತಂತಿಗೆ 3.3 ಓಮ್ 10 ವ್ಯಾಟ್ ರೆಸಿಸ್ಟರ್ ಲೋಡ್ ಕೊಟ್ಟು, ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ ಸಪ್ಲೈ ಆನ್ ಮಾಡಿ. ಹಳದಿಯಲ್ಲಿ 11.4ರಿಂದ 12.6 ಇರಲಿ. ಈ ಹಂತದಲ್ಲಿ ಸೀರೀಸ್ ಬಲ್ಬು ಮಿಟುಕಿ ಸಪ್ಲೈ ಆಫ್ ಆಗುತ್ತಿದ್ದರೆ ಹೆದರಬೇಡಿ, ಬಲ್ಬು ಲೋಡಿಗೆ ಸಾಲುತ್ತಿಲ್ಲ ಅಷ್ಟೆ.

ಎಲ್ಲ ಸರಿಹೋದ ಮೇಲೆ ಕೆಂಪು ಸ್ವಿಚ್ಚಿನ ಎರಡೂ ತಂತಿ ಕತ್ತರಿಸಿ, ಬೇರೆಬೇರೆಯಾಗಿ ಸ್ಲೀವ್ ಹಾಕಿಬಿಡಿ. ಈ ಮಾದರಿಯಲ್ಲಿ ತಂತಿ ತೆರೆದಿದ್ದರೇ 230. ಆದರೆ ಎರಡು ಪ್ರೈಮರಿ ಸುರುಳಿ ಇರುವ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರ್‌ಗೆ ಹೀಗೆ ಮಾಡಬೇಡಿ. ಅಲ್ಲಿ ಸ್ವಿಚ್ ಸುರುಳಿಗಳನ್ನು ಸೀರೀಸ್‌ಗೆ ಸೇರಿಸಿದಾಗಲೇ 230ಕ್ಕೆ ಹೊಂದುವುದು.